ಭೀಮರಾಯನಿಗೆ ಹಿಡಿಸದ ಗರಗಸ

ಮೆಚ್ಚಿಕೊಳ್ಳುವುದು ಸಣ್ಣವರ ಕೆಲಸ ಎಂದು ಭೀಮರಾಯ ತಿಳಿದಿದ್ದ. ಕುರ್ಲಾದ ಚಾಳಿನಲ್ಲಿ ನಳಕ್ಕೆ ನೀರು ಬಂದರೆ ‘ಥೂ, ಇದೂ ಒಂದು ನೀರೇನು’ ಎನ್ನುವವ, ಬಾರದಿದ್ದರೆ ‘ಥೂ, ಇದೂ ಒಂದು ಊರೇನು’ ಎನ್ನುವವ. ಲೋಕಲ್ ರೈಲು ಹತ್ತಿದರೆ ಮಂದಿಗೆ ಥೂ, ಉಡುಪಿ ಹೋಟೆಲಿಗೆ ಹೋದರೆ ಬೆಲ್ಲ ಹಾಕಿದ ಸಾಂಬಾರಿಗೆ ಥೂ. ಹೆಂಡತಿ ದೇವಕ್ಕನ ರೊಟ್ಟಿ ತಿಂದೇ ಅವನ ಮೈ ಎತ್ತಿನ ಮೈಯಾಗಿತ್ತು. ಆ ರೊಟ್ಟಿಗೂ ಒಂದು ದಿನ ಛಲೋ ಅಂದವನಲ್ಲ.

ಸುರಪುರದ ಕಡೆಯಿಂದ ಹರೆಯದಲ್ಲೇ ಮುಂಬಯಿಗೆ ಬಂದು ರಸ್ತೆ ಒಡೆಯುವ ಬ್ರೇಕರ್ ಹಿಡಿದ. ಆಮೇಲೆ ಮರ ಕಡಿಯುವ ಟೋಳಿ ಸೇರಿ ಪೆಟ್ರೋಲ್ ಗರಗಸ ಹಿಡಿದ. ಮಳೆಗಾಲದಲ್ಲಿ ರಸ್ತೆಗೆ ಅಡ್ಡಬಿದ್ದ ಮರ ಎಂಥದ್ದೇ ಇರಲಿ, ಕಂತ್ರಾಟದಾರ ಅನಿಲ ಮೊದಲು ಫೋನ್ ಹಚ್ಚುತ್ತಿದ್ದುದು ಇವನಿಗೇ. ಅನಿಲ ಮುಂಬಯಿಯಲ್ಲೇ ಹುಟ್ಟಿದವ. ಕನ್ನಡ ಅಪ್ಪನಿಂದ ಕಲಿತದ್ದು, ಕಂಜೂಸಿ ತಾನೇ ಕಲಿತದ್ದು. ಅಂಥವನೂ ಭೀಮರಾಯನನ್ನು ಉಸ್ತಾದ್ ಎಂದು ಕರೆಯುತ್ತಿದ್ದ.

ಆದರೆ ಉಸ್ತಾದನ ಕೈ ಸತ್ತಿತ್ತು. ನಡುಗುವ ಮಶಿನ್ ಹಿಡಿದೂ ಹಿಡಿದೂ ಬೆರಳ ತುದಿ ಮೊದಲು ಬಿಳಿಚಿತು, ಆಮೇಲೆ ಜುಮುಜುಮು ಅಂದಿತು, ಕಡೆಗೆ ಅದೂ ನಿಂತುಹೋಯಿತು. ಹಿಡಿದರೆ ಹಿಡಿತ ಇತ್ತು, ಹಿಡಿದದ್ದು ಏನೆಂದು ಕೈಗೆ ತಿಳಿಯುತ್ತಿರಲಿಲ್ಲ. ಎಂಜಿನ್ನಿನ ಸದ್ದು ಕೇಳಿ, ಹಾರುವ ಹೊಟ್ಟು ನೋಡಿ ಹೇಗೋ ಸಂಭಾಳಿಸುತ್ತಿದ್ದ. ಗೊತ್ತಾದರೆ ಅನಿಲ ಅಂದೇ ಗರಗಸ ಕಿತ್ತು ಬೇರೆಯವನಿಗೆ ಕೊಡುತ್ತಾನೆ. ಆಮೇಲೆ ತಾನು ಟೊಂಗೆ ಎಳೆಯುವ ಹೆಂಗಸರ ಸಾಲಿನಲ್ಲಿ ನಿಲ್ಲಬೇಕು. ಹಾಗಾಗಿ ಯಾರಿಗೂ ಹೇಳಿರಲಿಲ್ಲ, ಅದೇ ಸಾಲಿನಲ್ಲಿ ಟೊಂಗೆ ಎಳೆಯುತ್ತಿದ್ದ ದೇವಕ್ಕನಿಗೂ. ಯಾರು ಏನು ಕೇಳಿದರೂ ಥೂ ಎಂದುಬಿಟ್ಟರೆ ಮುಗಿಯಿತು. ಬೈಯುವವನ ಕೈಯನ್ನು ಯಾರು ಮುಟ್ಟಿ ನೋಡುತ್ತಾರೆ?

ಈ ಸಲ ಮಾತ್ರ ಥೂ ಸಾಲದಾಯಿತು. ಕಾಂದಿವಲಿಯಲ್ಲಿ ಮುಚ್ಚಿದ ಕಾರ್ಖಾನೆಯೊಂದರ ಕಂಪೌಂಡಿನಲ್ಲಿ ತೋಳಿಗೆ ನಿಲುಕದಷ್ಟು ದಪ್ಪನೆಯ ರೇನ್‌ಟ್ರೀಗಳು ಬಿದ್ದಿದ್ದವು. ಹಳೆಯ ಗರಗಸಕ್ಕೆ ಅವು ಜಗ್ಗುವಂಥವಲ್ಲ. ಅನಿಲ ಎದೆಯ ಮೇಲೆ ಕಲ್ಲಿಟ್ಟುಕೊಂಡು ದೊಡ್ಡ ಮಶಿನ್ ಕೊಳ್ಳಲು ಹೊರಟಿದ್ದ. ತೋರಿಸಲೆಂದು ಫೋರ್ಟ್ ಪೇಟೆಯ ಕಂಪನಿಯೊಂದರಿಂದ ಅಕ್ಷಯ ಎಂಬ ಹುಡುಗ ಎರಡು ಗರಗಸ ಹೊತ್ತು ಬಂದಿದ್ದ. ಇಸ್ತ್ರಿ ಮುರಿಯದ ಶರ್ಟು, ಬಿಳಿ ಬೂಟು. ಇವ ಮರ ಕಡಿಸಲು ಬಂದನೋ ಬೀಗರ ಮನೆಗೆ ಬಂದನೋ ಎಂದು ಭೀಮರಾಯ ಮೂಗು ಮುರಿದ. ಮಂಗಳೂರು ಕಡೆಯವರ ಮಗ; ಕನ್ನಡ ಅವನ ಬಾಯಲ್ಲಿ ಕುಂಟುತ್ತಿತ್ತು.

“ಅಂಕಲ್, ಎರಡೂ ಸೇಮ್ ಮಾಡೆಲ್. ಒಂದು ಮಾತ್ರ ಹಾಳಾಗಿ ವಾಪಸ್ ಬಂದದ್ದು. ಹಿಡಿಕೆಯ ಒಳಗೆ ಸ್ಪ್ರಿಂಗ್ ಉಂಟಲ್ಲ, ನಡುಕ ಕೈಗೆ ಬಾರದ ಹಾಗೆ? ಅದು ಹೋಗಿದೆ. ಸ್ಪ್ರಿಂಗ್ ಇದ್ರೆ ಎಷ್ಟು ಫರಕ್ ಅಂತ ತೋರಿಸ್ಲಿಕ್ಕೆ ತಂದದ್ದು. ಹಾಳಾದದ್ದು ಯಾವುದು, ನೀವೇ ಹಿಡಿದು ಹೇಳಿ.”

“ನಮ್ಮ ಉಸ್ತಾದ್ ಹಿಡದ ಕೂಡ್ಲೇ ಹೇಳ್ತಾನ,” ಎಂದು ಅನಿಲ ನಕ್ಕ. “ಬೋಲೋ ಭೀಮಣ್ಣ. ನೀ ಯಾವದು ಛಲೋ ಅಂತಿ, ಅದೇ ಫೈನಲ್.”

ಭೀಮರಾಯನ ಕುತ್ತಿಗೆಯಲ್ಲಿ ಬೆವರು ಒಡೆಯಿತು. ಹಗ್ಗ ಎಳೆದು ಒಂದನ್ನು ಚಾಲೂ ಮಾಡಿದ, ದಿಮ್ಮಿಗೆ ಹಚ್ಚಿದ. ಇಳಿಸಿ ಇನ್ನೊಂದನ್ನು ಹಚ್ಚಿದ. ಕಿವಿಗೆ ಎರಡೂ ಒಂದೇ ಸದ್ದು, ಕಣ್ಣಿಗೆ ಎರಡೂ ಒಂದೇ ಹೊಟ್ಟು. ಉಳಿದದ್ದು ಕೈ. ಅದು ಬಡಿಗೆಯಂತೆ ಸುಮ್ಮನಿತ್ತು.

“ಥೂ!” ಎಂದು ಎರಡನೆಯದನ್ನೂ ಕೆಳಗಿಟ್ಟ. “ಎರಡೂ ಒಂದೇ. ಸ್ಪ್ರಿಂಗ್ ಅಂತ ಸ್ಪ್ರಿಂಗ್! ಮಾರೋ ಮಂದಿ ಹೂಡಿದ ಆಟ ಇದು.”

ಅಕ್ಷಯನ ಬಾಯಿ ತೆರೆದದ್ದು ಹಾಗೇ ಇತ್ತು. “ಎಂತ ಅಂಕಲ್? ಒಂದನ್ನು ಹಿಡಿದ್ರೆ ಹಲ್ಲು ಸಹ ಅಲ್ಲಾಡ್ತದೆ!”

“ದಿಖಾ, ನಾನೇ ನೋಡ್ತೀನಿ,” ಎಂದು ಅನಿಲ ಅಂಗಿಯ ತೋಳು ಮಡಚಿದ. ಅಷ್ಟರಲ್ಲಿ ದೇವಕ್ಕ ಎಳೆಯುತ್ತಿದ್ದ ಟೊಂಗೆ ಬಿಸುಟು ನಡುವೆ ಬಂದಳು. “ತಡೀರಿ ಸಾಹೇಬ್ರ, ನಿಮ್ಮ ಕೈಗಿ ಎಣ್ಣಿ ಹತ್ತತದ. ನಾ ಹಿಡದ ನೋಡ್ತೀನಿ.” ಗರಗಸಕ್ಕೆ ಪೆಟ್ರೋಲ್ ಹಾಕುವವಳು, ಚೈನಿನ ಹಲ್ಲಿಗೆ ಅರ ತಿಕ್ಕುವವಳು ಅವಳೇ, ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಅನಿಲನಿಗೆ ಯಾರದೋ ಫೋನ್ ಬಂತು, ಅವನು ಪಕ್ಕಕ್ಕೆ ತಿರುಗಿದ. ಅಕ್ಷಯ ಬಗ್ಗಿ ಬೂಟಿಗೆ ಮೆತ್ತಿದ ಕೆಸರು ಒರೆಸತೊಡಗಿದ.

ಅವಳು ಮೊದಲನೆಯದನ್ನು ಚಾಲೂ ಮಾಡಿ ಎತ್ತಿದಳು. ಮುಂಗೈ ತುಂಬಿದ್ದ ಹಸಿರು ಬಳೆಗಳು ಹುಚ್ಚು ಹಿಡಿದಂತೆ ಕುಣಿದವು, ಒಂದು ಒಡೆದು ಹೊಟ್ಟಿನ ಮೇಲೆ ಬಿತ್ತು. ಎರಡನೆಯದನ್ನು ಎತ್ತಿದಳು. ಬಳೆಗಳು ಇದ್ದಲ್ಲೇ ಇದ್ದವು. ಎದುರಿಗೆ ನಿಂತಿದ್ದ ಭೀಮರಾಯ ಎರಡನ್ನೂ ಕಣ್ಣಾರೆ ಕಂಡ. ದೇವಕ್ಕ ಮಶಿನ್ ಬಂದ್ ಮಾಡಿ, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

“ಇವರು ಅಂದದ್ದು ಖರೇ ಅದ. ಎರಡೂ ಒಂದೇ.”

ಅನಿಲ ಫೋನ್ ಕಿಸೆಗೆ ಹಾಕಿ ಅಕ್ಷಯನ ಮೇಲೆ ಏರಿಹೋದ. “ಕ್ಯಾ ರೇ, ನಮಗ ಉಲ್ಲೂ ಮಾಡ್ತಿ? ನಿನ್ನ ಸೇಠ್‌ಗೆ ಫೋನ್ ಹಚ್ಚು!” ಹುಡುಗನ ಮುಖ ಬಿಳಿಚಿತು. “ಸರ್, ಪ್ಲೀಸ್, ನಾನು ಸುಳ್ಳು ಹೇಳ್ಲಿಲ್ಲ. ನನ್ನ ಕೆಲಸ ಹೋಗ್ತದೆ ಸರ್.”

ಭೀಮರಾಯ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಜಟ್ಟಿ ಬಿದ್ದಿದ್ದ, ಮೀಸೆ ಮಣ್ಣಾಗಿರಲಿಲ್ಲ. ಆದರೆ ಜನ್ಮದಲ್ಲಿ ಅವನು ಎಲ್ಲರಿಗಿಂತ ಹೆಚ್ಚು ಹೇಸುತ್ತಿದ್ದದ್ದು ಮಶಿನ್ನಿನ ವಿಷಯದಲ್ಲಿ ಸುಳ್ಳು ಹೇಳುವವರಿಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಮೂಳಿಗಿಂತ ತಾನೇನು ಮೇಲು? ಎರಡೂ ಒಂದೇ ಅಂದಮೇಲೆ ಕಂಜೂಸ ಅನಿಲ ಆ ಮುರಿದದ್ದನ್ನೇ ಅಗ್ಗಕ್ಕೆ ಕೊಂಡರೆ, ನಾಳೆ ಅದನ್ನು ಹಿಡಿದವನ ಕೈಯೂ ಸಾಯುತ್ತದೆ. ಅವನಿಗೆ ತನ್ನ ಮೇಲೇ ಹೇಸಿಕೆ ಬಂತು.

“ಬಿಡ್ರಿ ಆ ಹುಡುಗನ್ನ!” ಎಂದು ಕೂಗಿದ. “ಆಕಿ ಸುಳ್ಳ ಹೇಳ್ತಾಳ. ನೋಡ್ರಿ, ಬಳಿ ಒಡದು ಬಿದ್ದದ. ಆ ಮಶಿನ್ ಕೆಟ್ಟದ್ದು. ಇದು ಛಲೋದು, ಇದನ್ನ ತಗೋರಿ. ನನಗ ತಿಳೀಲಿಲ್ಲ. ನನ್ನ ಕೈ ಸತ್ತಾವ.”

ಅನಿಲ ಹೊಟ್ಟಿನಲ್ಲಿ ಬಿದ್ದಿದ್ದ ಬಳೆಯ ಚೂರು ನೋಡಿದ, ಭೀಮರಾಯನ ಕೈ ನೋಡಿದ. ಎಂದಿನಿಂದ ಹೀಗೆ ಎಂದಾಗಲಿ, ನೋವಿದೆಯೇ ಎಂದಾಗಲಿ ಕೇಳಲಿಲ್ಲ. “ಅಚ್ಛಾ,” ಎಂದು ಅಕ್ಷಯನ ಕಡೆ ತಿರುಗಿ ಗ್ಯಾರಂಟಿ ಎಷ್ಟು ದಿನದ್ದು ಎಂದು ವಿಚಾರಿಸತೊಡಗಿದ. ಉಸ್ತಾದ್ ಎಂಬ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ.

ಭೀಮರಾಯ ಹೆಂಡತಿಯ ಮೇಲೆ ತಿರುಗಿಬಿದ್ದ. “ಸುಳ್ಳ ಯಾಕ ಹೇಳ್ದಿ? ನಿನ್ನ ಕನಿಕರ ಯಾರ ಬೇಡಿದ್ರು?”

“ಕನಿಕರ?” ದೇವಕ್ಕ ಸೊಂಟದ ಮೇಲೆ ಕೈಯಿಟ್ಟಳು. “ಕೈ ಸತ್ತದ್ದು ಇವತ್ತ ಗೊತ್ತಾತೇನ್ರೀ ನನಗ? ದಿನಾ ಮುಂಜಾನೆ ನಿಮ್ಮ ಅಂಗಿ ಗುಂಡಿ ಯಾರ ಹಾಕ್ತಾರ? ನಿಮಗ ತೋರಬಾರ್ದು ಅಂತ ಬೈಕೋತ ಹಾಕ್ತೀನಿ, ‘ಎದಿ ತೆರಕೊಂಡು ಗುಂಡಾನಂಗ ಹೊಂಟೀರಿ’ ಅಂತ. ಇಷ್ಟ ದಿನ ನಾ ಬಾಯಿ ಬಿಟ್ಟೆನೇನು? ನೀವಾ ಎಲ್ಲಾರ ಮುಂದ ನನ್ನ ಸುಳ್ಳಬುರಕಿ ಮಾಡಿದ್ರಿ.”

ಅನಿಲನಿಗೆ ತಿಳಿದದ್ದಕ್ಕಿಂತ, ಇವಳಿಗೆ ಮೊದಲೇ ತಿಳಿದಿತ್ತು ಎಂಬುದು ಭೀಮರಾಯನನ್ನು ಹೆಚ್ಚು ಚುಚ್ಚಿತು. ಇಷ್ಟು ದಿನ ಯಾರನ್ನು ಕೇವಲ ಎಂದುಕೊಂಡಿದ್ದನೋ ಆ ಹೆಂಗಸು ತನ್ನನ್ನು ಕೂಸಿನಂತೆ ಆಡಿಸಿದ್ದಳು. ಮುಖಕ್ಕೆ ರಕ್ತ ನುಗ್ಗಿತು.

“ಮಶಿನ್ ಮಾತು ಬ್ಯಾರೆ,” ಎಂದ. “ಗುಂಡಿ ಹಾಕೋಳಾಕೂ ಬರಂಗಿಲ್ಲ ಅಂತ ತಿಳದೀ ನನಗ? ನೋಡಿಲ್ಲಿ!” ಎರಡೂ ಕೈಯಿಂದ ಅಂಗಿಯ ಎದೆ ಜಗ್ಗಿ ಗುಂಡಿ ಬಿಚ್ಚಿದ. ಮತ್ತೆ ಹಾಕಲು ಹೋದ. ಬೆರಳು ಗುಂಡಿಯನ್ನು ದಾಟಿ ಹೋದವು, ಕಾಜವನ್ನು ದಾಟಿ ಹೋದವು. ತಲೆ ಬಗ್ಗಿಸಿ, ಕಣ್ಣಿನಿಂದ ನೋಡಿಕೊಂಡು ಹಾಕಲು ನೋಡಿದ. ಹಿಡಿದಿದ್ದೇನೆ ಅಂದುಕೊಂಡದ್ದು ಕೈಯಲ್ಲಿ ಇರುತ್ತಿರಲಿಲ್ಲ. ಅಕ್ಷಯ ಮುಖ ಅತ್ತ ತಿರುಗಿಸಿದ.

ಅವನು ತಲೆಯೆತ್ತಿ ದೇವಕ್ಕನನ್ನು ನೋಡಿದ. ಬಿಚ್ಚಿದ ಅಂಗಿಯ ಎದೆಯನ್ನು ಅವಳ ಕಡೆಗೆ ತಿರುಗಿಸಿದ. ದೇವಕ್ಕ ಅವನನ್ನು ತಲೆಯಿಂದ ಕಾಲವರೆಗೆ ಒಮ್ಮೆ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಟೊಂಗೆ ಎಳೆಯಲು ಹೋದಳು. ಹಿಂದಿನಿಂದ ಅನಿಲ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ, ನಾಳೆಯಿಂದ ಬಾ, ಹೊಸ ಮಶಿನ್ ಇದೆ, ಹಿಡಿಯುವ ಕೈ ಬೇಕು ಎಂದು. ಭೀಮರಾಯ ಆ ಮೊದಲ ಗುಂಡಿಯ ಜೊತೆ ಇನ್ನೂ ಗುದ್ದಾಡುತ್ತಿದ್ದ.