ಮೂಗಿಗೆ ಬಿಟ್ಟ ನ್ಯಾನೋ ಹನಿ

ಮೊದಲು ಹರಿದದ್ದು ರೊಟ್ಟಿಯ ಅಂಚು.

ರೊಟ್ಟಿಯನ್ನು ಬಲಗೈ ಬಡಿಯಬೇಕು, ಎಡಗೈ ತಿರುಗಿಸುತ್ತಿರಬೇಕು. ನನ್ನ ಎಡಗೈ ತಿರುಗಿಸುವುದನ್ನು ಮರೆತಿತ್ತು. ಹಿಟ್ಟಿಗೆ ಬೈದೆ, ಗಿರಣಿಯವನಿಗೆ ಬೈದೆ. ಆಮೇಲೆ ಸುಮ್ಮನೆ ಕೂತಾಗಲೂ ಬೆರಳು ನಡುಗತೊಡಗಿದವು. ಕೊಪ್ಪಳದಲ್ಲಿ ನರರೋಗದ ಡಾಕ್ಟರು ನನ್ನನ್ನು ಅತ್ತಿಂದಿತ್ತ ನಡೆಸಿ ನೋಡಿದರು.

ಪಾರ್ಕಿನ್ಸನ್ಸ್ ಅಂದರು.

ಗುಳಿಗೆ ಶುರುವಾಯಿತು. ನುಂಗಿ ಸ್ವಲ್ಪ ಹೊತ್ತು ಕೂತರೆ ಕೈ ಸಡಿಲಾಗುತ್ತಿತ್ತು. ಆ ಹೊತ್ತಿನಲ್ಲೇ ರೊಟ್ಟಿ ತಟ್ಟಿ ಮುಗಿಸುತ್ತಿದ್ದೆ. ಗುಂಡಗೆ ಬರುತ್ತಿರಲಿಲ್ಲ, ಆದರೆ ನನ್ನ ಕೈಯವು. ಕುಷ್ಟಗಿಯ ನಮ್ಮ ಮನೆಯಲ್ಲಿ ನಾನು ಇನ್ನೊಬ್ಬರ ಕೈತುತ್ತು ತಿನ್ನುವ ದಿನ ಬರಬಾರದು, ಅಷ್ಟೇ ನನ್ನ ಹಟ.

ಮೈದುನ ಶರಣಪ್ಪನದು ದಾಳಿಂಬೆ ತೋಟ. ಗೊಬ್ಬರದ ಚೀಲ ಬಿಟ್ಟು ನ್ಯಾನೋ ಯೂರಿಯಾದ ಬಾಟಲಿ ಹಿಡಿದಾಗಿನಿಂದ ನ್ಯಾನೋ ಎಂಬ ಶಬ್ದದ ಮೇಲೆ ಅವನಿಗೆ ದೇವರ ಮೇಲಿನಷ್ಟೇ ನಂಬಿಕೆ. ಒಂದು ಮಧ್ಯಾಹ್ನ ಚಿನ್ನದ ಬಣ್ಣದ ಸಣ್ಣ ಬಾಟಲಿ ತಂದ. ಕಲ್ಯಾಣ ಮಂಟಪವೊಂದರಲ್ಲಿ ಕೋಟು ಹಾಕಿದವನೊಬ್ಬ ಮಾರುತ್ತಿದ್ದನಂತೆ.

"ವೈನಿ, ಇದು ನ್ಯಾನೋ ಐತಿ. ಎಲಿ ಮ್ಯಾಲೆ ಹೊಡದ್ರ ಗಿಡದೊಳಗ ಇಳಿಯೂದಿಲ್ಲೇನು? ಹಂಗ ಮೂಗಿಗೆ ಬಿಟ್ರ ಸೀದಾ ಮೆದುಳಿಗೆ ಹೋಗ್ತೈತಿ. ಆದ್ರ ಗುಳಿಗಿ ಬಿಡಬೇಕಂತ. ಎರಡೂ ಕೂಡಬಾರದಂತ."

ತೋಟದಲ್ಲಿ ಎರಡು ಔಷಧ ಬೆರೆಸಿ ಹೊಡೆದರೆ ಎಲೆ ಸುಡುವುದನ್ನು ನಾನೂ ಕಂಡವಳು. ಮಾತು ಸರಿಯೆನಿಸಿತು. ಗುಳಿಗೆ ಬಿಟ್ಟೆ.

ಥೂ, ಆ ಹನಿಯ ರುಚಿ! ಮೂಗಿಗೆ ಬಿಟ್ಟರೆ ಗಂಟಲಿಗಿಳಿಯುತ್ತಿತ್ತು, ತುಕ್ಕು ಹಿಡಿದ ಕಬ್ಬಿಣ ನೆಕ್ಕಿದ ಹಾಗೆ. ಕೆಲವೇ ದಿನಗಳಲ್ಲಿ ಮೈ ಕೊರಡಾಯಿತು. ಹಾಸಿಗೆಯಲ್ಲಿ ಮಗ್ಗುಲು ಹೊರಳಲೂ ಇನ್ನೊಬ್ಬರು ಬೇಕು. ಬಾಯಿಂದ ಜೊಲ್ಲು ಸುರಿದು ದಿಂಬು ನಾರುತ್ತಿತ್ತು. ನಮ್ಮ ಯಜಮಾನರು ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಬಾಯಿಗಿಟ್ಟರು. ಇಳಿಯಲಿಲ್ಲ. ಜೊಲ್ಲಿನ ಸಮೇತ ಸೀರೆಯ ಮೇಲೆ ಬಿತ್ತು. ನೋಡಲು ಬಂದವರು "ಪಾಪ" ಎಂದು ಚಹಾ ಕುಡಿದು ಹೋದರು. ಆ ಪಾಪ ಅನ್ನುವ ಮಾತೂ ಹೊಲಸು ನಾರಿತು.

ನನ್ನ ಮೈ ನನಗೇ ಹೇಸಿಗೆಯಾಯಿತು.

ಯಜಮಾನರು, ಶರಣಪ್ಪ ಇಬ್ಬರೂ ಸೇರಿ ನನ್ನನ್ನು ಎತ್ತಿಕೊಂಡೇ ಕೊಪ್ಪಳಕ್ಕೆ ಒಯ್ದರು. ಗುಳಿಗೆ ಬಿಡಿಸಿ ಹನಿ ಹಾಕಿಸಿದ್ದನ್ನು ಶರಣಪ್ಪನೇ ಹೇಳಿದ. ಡಾಕ್ಟರು ಬಾಟಲಿ ತಿರುಗಿಸಿ ನೋಡಿದರು. ಒಳಗೇನಿದೆ ಎಂದು ಅದರ ಮೇಲೆ ಎಲ್ಲೂ ಬರೆದಿರಲಿಲ್ಲ.

"ನ್ಯಾನೋ ಅನ್ನೂದು ಸುಳ್ಳಲ್ರಿ," ಅಂದರು. "ಮೆದುಳಿಗೆ ಒಂದು ಕಾವಲು ಇರ್ತೈತಿ. ಭಾಳಷ್ಟು ಔಷಧ ಒಳಗ ಬಿಡೂದಿಲ್ಲ. ಅದಕ್ಕ ಔಷಧಾನ ಕಣ್ಣಿಗೆ ಕಾಣದಂಥ ಕಣದಾಗ ಇಟ್ಟು ದಾಟಸ್ಬೇಕಂತ ಸಂಶೋಧನೆ ನಡದೈತಿ. ನಿಮ್ಮ ರೋಗಕ್ಕ ಕೊಡೂ ಹಂತಕ್ಕ ಅದಿನ್ನೂ ಬಂದಿಲ್ಲ."

ಆಮೇಲೆ ಶರಣಪ್ಪನ ಕಡೆ ತಿರುಗಿದರು.

"ನೀವು ಬಿಡಿಸಿದ ಗುಳಿಗಿ ಐತಲ್ಲ, ಅದು ಆ ಕಾವಲು ದಾಟ್ತಿತ್ತು."

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದ ಮಂದಿ ನಾವು. ನನಗೆ ಶರಣಪ್ಪನ ಮೇಲೆ ಸಿಟ್ಟು; ಆ ಕೋಟಿನವನ ಮೇಲೆ ಸಿಟ್ಟಲ್ಲ, ವಾಕರಿಕೆ. ಎಲ್ಲೋ ಯಾರೋ ಕಣ್ಣಿಗೆ ನಿದ್ದೆಯಿಲ್ಲದೆ ಹುಡುಕುತ್ತಿರುವ ಔಷಧದ ಹೆಸರನ್ನು ಕದ್ದು, ನನ್ನಂಥವರ ಮೂಗಿಗೆ ಹೊಲಸು ನೀರು ಬಿಟ್ಟನಲ್ಲ! ಈಗ ಇನ್ಯಾವ ಊರಲ್ಲಿದ್ದಾನೋ.

ಆಸ್ಪತ್ರೆಯಲ್ಲಿ ಮತ್ತೆ ಗುಳಿಗೆ ಶುರು ಮಾಡಿದರು. ಮೈ ಮೆಲ್ಲಗೆ ಸಡಿಲಾಯಿತು, ಪೂರ್ತಿ ಅಲ್ಲ. ಮೊದಲು ಮೂರು ಮಂದಿಗೆ ತಟ್ಟುತ್ತಿದ್ದ ಹೊತ್ತಿನಲ್ಲಿ ಈಗ ಒಬ್ಬರಿಗಾಗುವಷ್ಟು ತಟ್ಟುತ್ತೇನೆ. ರೋಗ ಹೋಗುವುದಿಲ್ಲ, ಡಾಕ್ಟರು ಮುಚ್ಚಿಡದೆ ಹೇಳಿದ್ದಾರೆ.

ಮೊನ್ನೆ ಶರಣಪ್ಪ ಬಂದು ಅಡುಗೆಮನೆಯ ಹೊಸ್ತಿಲಲ್ಲೇ ನಿಂತ.

"ವೈನಿ, ಮುಂದ ಖರೇ ನ್ಯಾನೋ ಔಷಧ ಬಂದ್ರ?"

"ಡಾಕ್ಟರ್ ಕೈಯಿಂದ ಬರಲಿ, ಬ್ಯಾಡ ಅನ್ನೂದಿಲ್ಲ. ನಿನ್ನ ಕೈಯಿಂದ ಬಂದ್ರ ಮೊದಲ ನಿನ್ನ ಮೂಗಿಗೆ ಬಿಡ್ತೀನಿ. ಕೂಡು, ಉಣ್ಣು."

ಅಂಚು ಹರಿದ ರೊಟ್ಟಿಯನ್ನೇ ಆರಿಸಿ ಅವನ ತಟ್ಟೆಗೆ ಹಾಕಿದೆ. ಇನ್ನೊಂದನ್ನು ನಾನು ಮುರಿದೆ. ಕೈ ನಡುಗಿತು, ಆದರೂ ತುತ್ತು ಬಾಯಿಗೆ ಬಂತು.