ಹರಾಜು ಕೂಗುವವನ ಎದೆ

ಹಳೆ ಪೀಠೋಪಕರಣಗಳ ಹರಾಜು ಮಳಿಗೆಯಲ್ಲಿ ಅವನನ್ನು ಎಲ್ಲರೂ ‘ಮೂರನೇಸಾರಿ’ ಎಂದೇ ಕರೆಯುತ್ತಿದ್ದರು. ಬೀರು, ಮಂಚ, ಕಾಲು ಮುರಿದ ಕುರ್ಚಿ, ಏನೇ ಇರಲಿ, ‘ಒಂದನೇಸಾರಿ, ಎರಡನೇಸಾರಿ, ಮೂರನೇಸಾರಿ’ ಎಂದು, ನಡುವೆ ಉಸಿರೆಳೆದದ್ದು ಯಾರಿಗೂ ತಿಳಿಯದಂತೆ ಕೂಗುತ್ತಿದ್ದ. ಉಸಿರೆಳೆದರೆ ಗಿರಾಕಿಗೆ ಯೋಚಿಸಲು ಬಿಡುವು ಸಿಗುತ್ತದೆ. ಯೋಚಿಸಿದವನು ಮುರಿದ ಕುರ್ಚಿ ಕೊಳ್ಳುತ್ತಾನೆಯೇ?

ಇಂಥವನಿಗೆ ಬಿಪಿ ಏರಿತ್ತು. ಏರಿದ್ದು ಯಾವಾಗಲೋ, ಸಿಕ್ಕಿಬಿದ್ದದ್ದು ಈಗ. ಹೃದಯದ ಗೋಡೆ ದಪ್ಪವಾಗಿದೆ ಎಂದರು ಡಾಕ್ಟರಮ್ಮ.

“ನಂಗೆ ಎದೆಗಾರಿಕೆ ಜಾಸ್ತಿ ಅಂತ ಮೊದ್ಲಿಂದ್ಲೂ ಹೇಳ್ತಾರೆ.”

“ಒತ್ತಡದ ವಿರುದ್ಧ ದುಡಿದೂ ದುಡಿದೂ ದಪ್ಪ ಆಗಿರೋದು. ಹೀಗೇ ಬಿಟ್ರೆ ಒಂದಿನ ಸೋತುಹೋಗುತ್ತೆ. ಮಾತ್ರೆ ತಪ್ಪಿಸ್ಬೇಡಿ. ದಿನಾ ಚುರುಕಾಗಿ ನಡೀರಿ. ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು. ಆ ವೇಗ.”

ಅವನ ಅಪ್ಪನ ಹೃದಯ ಸೋತದ್ದೂ ಹೀಗೆಯೇ. ಮರುದಿನ ಬೆಳಿಗ್ಗೆಯೇ ಗುಡ್ಡದ ರಸ್ತೆ ಹಿಡಿದ. ನಡಿಗೆ ಬಿರುಸಾಗಿ ಓಟವಾಯಿತು. ಮುಖ ಕೆಂಡ, ಅಂಗಿ ತೊಪ್ಪೆ. ಬಾಯಿ ಮಾತ್ರ ದಾರಿಬದಿಯ ಲೈಟುಕಂಬಗಳನ್ನು ಒಂದೊಂದಾಗಿ ಹರಾಜು ಹಾಕುತ್ತಿತ್ತು. ಮಾತು ಬರುತ್ತಿದೆಯಲ್ಲ, ವೇಗ ಸರಿಯಿದೆ ಎಂದುಕೊಂಡು ಇನ್ನೂ ಜೋರು ಮಾಡಿದ. ತಿರುವಿನಲ್ಲಿ ಎದೆಯನ್ನು ಯಾರೋ ಹಿಂಡಿದಂತಾಗಿ ಕುಸಿದು ಕುಳಿತ.

“ಆ ಲೆಕ್ಕ ಮಾತಾಡೋಕೆ ಉಸಿರು ಬೇಕಾದೋರಿಗೆ ಕಣ್ರೀ! ನೀವು ಸತ್ತ ಮೇಲೂ ಸ್ವಲ್ಪ ಹೊತ್ತು ಮಾತಾಡ್ತೀರಿ!” ಆಸ್ಪತ್ರೆಯಲ್ಲಿ ಹೆಂಡತಿ ಅಳುತ್ತಲೇ ಬೈದಳು.

ಪುಣ್ಯಕ್ಕೆ ರಕ್ತನಾಳಗಳಲ್ಲಿ ಅಡ್ಡಿ ಇರಲಿಲ್ಲ. ಚೇತರಿಸಿಕೊಂಡ ಮೇಲೆ ಡಾಕ್ಟರಮ್ಮ ಎದೆಗೆ ವಯರು ಅಂಟಿಸಿ ಟ್ರೆಡ್‌ಮಿಲ್ ಹತ್ತಿಸಿದರು. ಅವನು ಟ್ರೆಡ್‌ಮಿಲ್ಲನ್ನೇ ಹರಾಜಿಗಿಟ್ಟ. ಮಾತು ಒಂದೇ ಸಮ. ಬಿಪಿ ಮಾತ್ರ ಬೆಲೆಯಂತೆ ಏರುತ್ತ ಹೋಯಿತು.

“ನಿಮ್ಮ ಬಾಯನ್ನ ನಂಬೋ ಹಾಗಿಲ್ಲ,” ಎಂದು ನಕ್ಕು ವೇಗ ತಗ್ಗಿಸಿದರು. “ಸದ್ಯಕ್ಕೆ ಇಷ್ಟು. ಹೆಚ್ಚಿಸೋದು ನಿಧಾನಕ್ಕೆ, ನನ್ನ ಕೇಳಿ.”

“ಅಯ್ಯೋ, ಇದು ನಾನು ಬಸ್ಸಿಗೆ ಹೋಗೋ ನಡಿಗೆ,” ಎಂದಳು ಹೆಂಡತಿ.

“ಹಾಗಾದ್ರೆ ಜೊತೆಗೆ ನಡೀರಿ. ನೀವು ಮಾತಾಡಿ, ಅವರು ಕೇಳ್ಲಿ.”

ಅಂದಿನಿಂದ ಅವಳ ಮಾತೇ ಅಳತೆಗೋಲು. ಅವಳಿಗೆ ಏದುಸಿರು ಬಂದರೆ ಇಬ್ಬರೂ ನಿಧಾನ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ, ಮನೆ ಮಾಲೀಕನ ದನಿಯನ್ನು ಅವಳು ಅಚ್ಚುಹೊಯ್ದಂತೆ ಅನುಕರಿಸಬಲ್ಲಳೆಂದು ಗೊತ್ತಾಗಿ ಅವನು ಬೆರಗಾದ.

ವರ್ಷದ ನಂತರ ಮತ್ತೆ ಸ್ಕ್ಯಾನು. “ಗೋಡೆಯ ದಪ್ಪ ಸ್ವಲ್ಪ ಇಳಿದಿದೆ, ನೋಡಿ,” ಎಂದು ಡಾಕ್ಟರಮ್ಮ ಪರದೆಯನ್ನು ಅವನತ್ತ ತಿರುಗಿಸಿದರು.

ಬೂದು ಬೆಳಕಿನಲ್ಲಿ ಹೃದಯದ ಪುಟ್ಟ ಕದವೊಂದು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು. ತೆರೆ, ಮುಚ್ಚು ಎಂದು ಯಾರೂ ಕೂಗಿ ಹೇಳುತ್ತಿರಲಿಲ್ಲ. ಅವನು ಹುಟ್ಟುವ ಮೊದಲೇ ಶುರುವಾದ ಕೆಲಸ. ಗುಡ್ಡದ ಮೇಲೆ ಅವನು ಹಿಂಸಿಸಿದಾಗಲೂ ಅದು ಕೈಬಿಟ್ಟಿರಲಿಲ್ಲ. ಅವನು ಪರದೆಯತ್ತ ಬಾಗಿದ.

“ನಾನು ಮಲಗಿದಾಗ್ಲೂ?” ಎಂದ ಕೊನೆಗೆ, ಪಿಸುದನಿಯಲ್ಲಿ.

“ಮಲಗಿದಾಗ್ಲೂ.”

“ಇನ್ನೂ ಸ್ವಲ್ಪ ಹೊತ್ತು ನೋಡ್ಬಹುದಾ?”

ಹೊರಗೆ ರೋಗಿಗಳ ಸಾಲಿತ್ತು. ಡಾಕ್ಟರಮ್ಮ ಪರದೆ ಆರಿಸಲಿಲ್ಲ.