ಖಾಲಿ ಹೊಟ್ಟೆಯ ಓಟ

ಮಗಳು ಒಂಬತ್ತನೇ ತರಗತಿಯಲ್ಲಿದ್ದಾಗ ಸಾವಿರದೈನೂರು ಮೀಟರ್ ಓಟದಲ್ಲಿ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದಳು. ಆ ವರ್ಷದ ಕ್ರೀಡಾಕೂಟ ಸಿರುಗುಪ್ಪದಲ್ಲಿತ್ತು. ನಾನು ಕುರುಗೋಡಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ರಜೆ ಹಾಕಿ, ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯಿಂದ ಅವಳ ಜೊತೆ ಹೊರಟೆ. ಬೆಳಿಗ್ಗೆ ಮಾಡಿದ ಉಪ್ಪಿಟ್ಟನ್ನು ಅವಳು ಮುಟ್ಟಲಿಲ್ಲ.

"ಸರ್ ಬ್ಯಾಡ ಅಂದಾರಮ್ಮ. ಹೊಟ್ಟಿ ಖಾಲಿ ಇದ್ರ ಕಾಲು ಹಗುರ ಇರ್ತಾವಂತ."

ಅವಳ ತರಬೇತುದಾರರು ಕುಡತಿನಿಯವರು, ಒಂದು ಕಾಲಕ್ಕೆ ಒಳ್ಳೆಯ ಓಟಗಾರರು. ದಿನಾ ನಸುಕಿಗೇ ಬಳ್ಳಾರಿಯ ಮೈದಾನಕ್ಕೆ ಬಂದು ಮಕ್ಕಳನ್ನು ಓಡಿಸುತ್ತಿದ್ದರು. ಅವರು ಹೇಳಿದ ಮೇಲೆ ನನ್ನ ಮಾತು ನಡೆಯುವ ವಯಸ್ಸು ಅವಳದಲ್ಲ. ಉಪ್ಪಿಟ್ಟನ್ನು ಡಬ್ಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಬೆಳಿಗ್ಗೆ ನಡೆಯಬೇಕಿದ್ದ ಓಟ ಶುರುವಾಗುವಾಗ ಮಧ್ಯಾಹ್ನವಾಗಿತ್ತು. ಎರಡು ಸುತ್ತು ಚೆನ್ನಾಗಿಯೇ ಓಡಿದಳು. ಮೂರನೆಯ ಸುತ್ತಿನ ತಿರುವಿನಲ್ಲಿ ನಡಿಗೆಗೆ ಇಳಿದು, ಅಲ್ಲೇ ಕುಸಿದು ಕೂತಳು. ನಾನೂ ತರಬೇತುದಾರರೂ ಸೇರಿ ಬೇವಿನ ಮರದ ನೆರಳಿಗೆ ತಂದೆವು. ನೀರು ಕುಡಿದು ಸ್ವಲ್ಪ ಸುಧಾರಿಸಿಕೊಂಡ ಮೇಲೆ ಡಬ್ಬಿ ಬಿಚ್ಚಿಕೊಟ್ಟೆ. ತಲೆ ಎತ್ತದೆ ತಿಂದಳು.

"ನಿಮ್ಮ ಮನ್ಯಾಗ ಮೊಟ್ಟಿ ತಿನ್ನಂಗಿಲ್ಲ ಮೇಡಂ," ಎಂದರು ಅವರು. "ಅದಕ್ಕ ಹುಡುಗಿಗೆ ಶಕ್ತಿ ಸಾಲವಲ್ದು."

"ಮೊಟ್ಟಿ ಮಾತು ಆಮ್ಯಾಲ ಆಡೋಣ ಸರ್. ನಿನ್ನಿ ರಾತ್ರಿಯಿಂದ ಓಟದ ತನಕ ಅಕಿ ಹೊಟ್ಟಿಗೆ ಏನೂ ಹೋಗಿದ್ದಿಲ್ಲ. ಯಾವ ಮನ್ಯಾಗ ಹುಟ್ಟಿದ್ರೂ ಇಷ್ಟೊತ್ತಿಗೆ ಹಿಂಗ ಕುಂತ ಬಿಡ್ತಿದ್ಲು."

ವಾಪಸು ಬರುವಾಗ ಅವರು ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನಲ್ಲಿದ್ದರು. ಗದ್ದೆಗಳೆಲ್ಲ ಹಿಂದಾದ ಮೇಲೆ ನನ್ನತ್ತ ತಿರುಗಿದರು.

"ನಾ ಸಣ್ಣಾಂವ ಇದ್ದಾಗ ನಮ್ಮನ್ಯಾಗ ಮುಂಜಾನಿ ತಿನ್ನಾಕ ಏನೂ ಇರ್ತಿದ್ದಿಲ್ರಿ. ಖಾಲಿ ಹೊಟ್ಟಿ ಓಟಕ್ಕ ಚಲೋ ಅಂತ ನಮ್ಮ ಮಾಸ್ತರು ಹೇಳಿದ್ರು. ನಂಬಿದೆ. ಗೆದ್ದೆ ಸುದ್ದ." ಮತ್ತೆ ಅಂದರು: "ನಮ್ಮ ಮನಿ ಹಾಲತ್ತು ಅವ್ರಿಗೆ ಗೊತ್ತಿತ್ತು. ನನ್ನ ಮಾನ ಉಳಿಸಾಕ ಹಂಗಂದ್ರೋ ಏನೋ, ಇವತ್ತ ಅನ್ನಿಸ್ತು."

ಆ ಮಾಸ್ತರರ ಬಗ್ಗೆ ನನಗೆ ಗೌರವವೇ ಹುಟ್ಟಿತು. ಆದರೆ ಅವರ ಮಾತನ್ನು ನನ್ನ ಮಗಳ ಮೇಲೆ ಹೇರುವುದು ಬೇಕಿರಲಿಲ್ಲ.

"ಈಗ ಮಕ್ಕಳ ಮನ್ಯಾಗ ತಿಂಡಿ ಐತಿ ಸರ್," ಎಂದೆ. "ಇಲ್ದವ್ರಿಗೆ ನಾವು ಒಯ್ಯೋಣ."

ಮುಂದಿನ ಭಾನುವಾರವೇ ಮೈದಾನದಲ್ಲಿ ಪಾಲಕರನ್ನು ಸೇರಿಸಿದೆವು. ನನ್ನ ಪರಿಚಯದ ಆಹಾರ ತಜ್ಞೆಯೊಬ್ಬರು ಬಂದರು. ಒಬ್ಬ ತಂದೆ ದುಬಾರಿ ಪ್ರೋಟೀನ್ ಪೌಡರಿನ ಡಬ್ಬಿಯನ್ನೇ ಹಿಡಿದುಕೊಂಡು ಬಂದಿದ್ದ. ಆಕೆ ಅದನ್ನು ತಿರುಗಿಸಿ ನೋಡಿ, "ಮನ್ಯಾಗ ಶೇಂಗಾ, ಹೆಸರುಕಾಳು, ಹಾಲು ಇಲ್ಲೇನ್ರಿ?" ಎಂದರು. ಮೊಟ್ಟೆ ತಿನ್ನುವವರು ತಿನ್ನಲಿ, ತಿನ್ನದವರು ಕಾಳು, ಹಾಲು, ಮೊಸರನ್ನು ದಿನವೂ ತಪ್ಪಿಸದಿರಲಿ. ಓಟಕ್ಕೆ ಎರಡು ಮೂರು ತಾಸು ಮೊದಲು ಇಡ್ಲಿಯಂಥದ್ದು, ಇನ್ನೇನು ಓಡಬೇಕು ಎನ್ನುವಾಗ ಹಸಿವಾದರೆ ಬಾಳೆಹಣ್ಣು ಸಾಕು ಎಂದು ತಿಳಿಸಿದರು.

ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದವರು ತರಬೇತುದಾರರೇ.

"ಓಡೋವಾಗ ನೀರು ಕುಡಿದ್ರ ಹೊಟ್ಟಿ ಹಿಡಿತೈತಿ ಅಂತಾರಲ್ರಿ?"

"ಚೊಂಬುಗಟ್ಟಲೆ ಕುಡಿದ್ರ ಹಿಡಿತೈತಿ. ನಡುನಡುವ ಗುಟುಕು ಗುಟುಕು ಕುಡಸ್ರಿ."

ಮಾರನೆಯ ದಿನದಿಂದ ಅಭ್ಯಾಸದ ನಡುವೆ ನೀರಿಗೆಂದು ಶಿಳ್ಳೆ ಬೀಳತೊಡಗಿತು. ನೆನೆಸಿದ ಶೇಂಗಾ, ಬಾಳೆಹಣ್ಣನ್ನು ನಾವು ಪಾಲಕರು ಸರದಿಯಂತೆ ಒಯ್ದೆವು. ಎಲ್ಲ ಮಕ್ಕಳೂ ಒಂದೇ ಬುಟ್ಟಿಯಿಂದ ತಿಂದಿದ್ದರಿಂದ ಯಾರ ಮನೆಯಲ್ಲಿ ಏನಿಲ್ಲ ಎಂಬುದು ಯಾರಿಗೂ ತಿಳಿಯಲಿಲ್ಲ.

ಮರುವರ್ಷ ಕುರುಗೋಡಿನಲ್ಲಿ ನಡೆದ ಜಿಲ್ಲಾ ಕ್ರೀಡಾಕೂಟದಲ್ಲಿ ಮಗಳು ಎರಡನೆಯವಳಾಗಿ ಬಂದಳು. ಗೆದ್ದವಳು ಸಿರುಗುಪ್ಪದ ಹುಡುಗಿ. ಇಬ್ಬರೂ ನಗುತ್ತ ಮೈದಾನದ ಅಂಚಿನಲ್ಲಿ ಅಡ್ಡಾಡುತ್ತಿದ್ದರು. ತರಬೇತುದಾರರು ನನ್ನ ಬಳಿ ಬಂದರು.

"ಕಡೀ ಸುತ್ತಿನ್ಯಾಗ ಎಷ್ಟು ಮಂದಿನ ದಾಟಿದ್ಲು, ನೋಡಿದ್ರೇನ್ರಿ?"

ಅವಳು ಒಬ್ಬೊಬ್ಬರನ್ನೂ ದಾಟಿದ್ದನ್ನು ನಾನು ನೋಡಿದ್ದೆ. ಆದರೂ ಅವರ ಬಾಯಿಂದ ಕೇಳಬೇಕೆನಿಸಿತು. "ಹೇಳ್ರಿ ಸರ್," ಎಂದೆ.